ಹಾಳೆಯ ಹಿಂಬದಿಯ ನಾಲ್ಕು ಸಾಲು

ಸತ್ತವರ ಬಗ್ಗೆ ಬರೆಯುವುದರಲ್ಲಿ ನನ್ನ ಕೈ ಪಳಗಿತ್ತು. ಬದುಕಿರುವವನ ಬಗ್ಗೆ ಬರೆದದ್ದು ಒಂದೇ ಸಲ. ಅದರಿಂದ ಆದದ್ದು ಇಷ್ಟು.

ಆ ವರ್ಷ ಮಲಾವಿ ಸರೋವರದ ದಂಡೆಯ ನಮ್ಮ ಚಿಕೊಂಬೆಗೆ ಕಾಲರಾ ಬಂದು ಮೂರು ತಿಂಗಳಾಗಿತ್ತು. ಹೆಣ ಎತ್ತಲು ನಾವು ನಾಲ್ಕು ಜನ ಸ್ವಯಂಸೇವಕರು. ಮಾಟ್ಯಾಸಿ ಮತ್ತು ಅವನ ತಮ್ಮ ಕೈಗಾಡಿ ತಳ್ಳುವವರು. ಫುಲಾಯೆ ಕಾಮ್ತಾಂಬೊ ಬೆನ್ನಿಗೆ ಪಂಪು ಕಟ್ಟಿಕೊಂಡು ಕ್ಲೋರಿನ್ ಸಿಂಪಡಿಸುವವನು. ಹೆಣದ ತಲೆಯ ಕಡೆ ಹಿಡಿಯುವವನೂ ಅವನೇ. ನಾನು ಕಾಲಿನ ಕಡೆ. ಸಂಜೆ ಶಾಲೆಯಲ್ಲಿ ಹೈಸ್ಕೂಲಿನ ಎರಡನೇ ಫಾರಂ ಮುಗಿಸಿದವನು ಎಂಬ ಕಾರಣಕ್ಕೆ ತಂಡದ ಸೆಕ್ರೆಟರಿಯೂ ನಾನೇ. ಸೆಕ್ರೆಟರಿಯ ಕೆಲಸವೆಂದರೆ ರೇಡಿಯೋಗೆ ಮರಣ ಪ್ರಕಟಣೆ ಬರೆದುಕೊಡುವುದು. ಸತ್ತವರ ಹೆಸರು, ಊರು, ಮಾಡಿದ ಕೆಲಸ, ಎಲ್ಲೆಲ್ಲೋ ಇರುವ ನೆಂಟರ ಹೆಸರು, ಮಣ್ಣಿನ ದಿನ ಮತ್ತು ಗಂಟೆ, ಕೊನೆಗೆ 'ಕಾಲರಾ ಆದ್ದರಿಂದ ಯಾರೂ ಬರಬಾರದಾಗಿ ವಿನಂತಿ'. ಎಪ್ಪತ್ತೊಂದು ಬರೆದಿದ್ದೆ. ಒಂದರಲ್ಲೂ ಕಾಗುಣಿತ ತಪ್ಪಿರಲಿಲ್ಲ ಎಂದುಕೊಂಡಿದ್ದೇನೆ.

ಕಾಲರಾ ಹೆಣಕ್ಕೆ ಸ್ನಾನವಿಲ್ಲ, ಹೊಸ ಬಟ್ಟೆಯಿಲ್ಲ, ಹಾಡಿಲ್ಲ, ಜನವಿಲ್ಲ. ಪ್ಲಾಸ್ಟಿಕ್ ಚೀಲ, ಜಿಪ್ಪು, ಔಷಧಿ, ಮಣ್ಣು. ಪ್ರತಿ ಮನೆಯ ಬಾಗಿಲಲ್ಲೂ ಪ್ರತಿ ಗುಂಡಿಯ ಅಂಚಿನಲ್ಲೂ ಫುಲಾಯೆ ಕೂಗಬೇಕಾದ ಮಾತು ಒಂದೇ: "ಹಿಂದೆ ಸರೀರಿ!" ಜನ ಆ ಮಾತನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ ಅವನು ಉಪ್ಪು ತರಲು ಅಂಗಡಿಗೆ ಹೋದರೂ ಹಿಂದೆ ಸರಿಯತೊಡಗಿದರು. ರೋಗ ಅವನ ಪಂಪಿನಲ್ಲೇ ಇದೆ ಎಂದು ಊರಿನ ತೀರ್ಮಾನವಾಯಿತು. ಅವನ ಹೆಂಡತಿ ಎಸ್ನಾತ್ ರಸ್ತೆ ಬದಿಯಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ, ಮಂದಾಸಿ, ಮಾರುತ್ತಿದ್ದಳು. ಬೆಳಿಗ್ಗೆ ಕರಿದ ಮಂದಾಸಿ ಸಂಜೆಗೂ ಬುಟ್ಟಿಯಲ್ಲೇ ಇರುತ್ತಿತ್ತು. ನಾವು ನಾಲ್ವರೇ ತಿಂದೆವು. ಎಷ್ಟೆಂದು ತಿನ್ನುವುದು?

ಕೊನೆಯವರೆಗೂ ದಿನಾ ಬಂದು ಕೊಂಡ ಗಿರಾಕಿ ಮದಾಲೊ ಎಂಬ ಏಳು ವರ್ಷದ ಹುಡುಗಿ, ಶಾಲೆಗೆ ಹೋಗುವ ದಾರಿಯಲ್ಲಿ. ಅವಳೂ ಹೋದಳು. ನಾವು ಹೋದಾಗ ಅವಳ ತಾಯಿ ಶಾಲೆಯ ಬಿಳಿ ಕಾಲುಚೀಲ ಎರಡನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಮಣ್ಣೊಳಗೆ ಕಾಲು ತಣ್ಣಗಾಗ್ತದಪ್ಪಾ. ಇಷ್ಟು ಹಾಕಿಬಿಡ್ತೀನಿ, ಆಮೇಲೆ ತಗೊಂಡು ಹೋಗು" ಎಂದಳು. ನಿಯಮದಲ್ಲಿ ಕಾಲುಚೀಲ ಇರಲಿಲ್ಲ. ಫುಲಾಯೆ "ಹಿಂದೆ ಸರೀರಿ" ಎಂದು ಜಿಪ್ಪು ಎಳೆದ.

ಅದೇ ಅವನ ಕೊನೆಯ ಮಾತು. ಆಮೇಲೆ ಹತ್ತೊಂಬತ್ತು ದಿನ ಅವನು ಬಾಯಿ ಬಿಡಲಿಲ್ಲ. ಕೈಸನ್ನೆಯಲ್ಲೇ ಕೆಲಸ ನಡೆಸಿದ. ನಮಗೂ ಅಭ್ಯಾಸವಾಗಿತ್ತು. ಆದರೆ ಹನ್ನೆರಡನೇ ದಿನದಿಂದ ಅವನು ಗ್ಲೌಸು ಹಾಕುವುದನ್ನು ಬಿಟ್ಟ. ನಮ್ಮ ತಂಡದ ಗೋದಾಮಿನ ಮೊಳೆಯಲ್ಲಿ ಅವು ನೇತಾಡುತ್ತಿದ್ದವು; ಇವನು ಬರಿಗೈಯಲ್ಲಿ ಹೆಣ ಎತ್ತುತ್ತಿದ್ದ. ದಿನಾ ಎಪ್ಪತ್ತು ಸಲ ಕೈ ತೊಳೆಯುತ್ತಿದ್ದವನು ಗ್ಲೌಸು ಮರೆಯುವುದಿಲ್ಲ. ಅಷ್ಟು ಲೆಕ್ಕ ನನಗೂ ಬರುತ್ತದೆ.

"ಗ್ಲೌಸು ಕಣೋ" ಎಂದೆ ಮೊದಲ ದಿನ. ಬಲೆಗೆ ಬಿದ್ದ ಮೀನಿನ ಹಾಗೆ ನೋಡಿದ. ಎರಡನೇ ದಿನ ಹೇಳುವ ಧೈರ್ಯವಾಗಲಿಲ್ಲ.

ಆ ವಾರವೇ ನಗರದಿಂದ ತವೊಂಗಾ ಮೇಡಂ ಬಂದರು. ಸ್ವಯಂಸೇವಕರ ಮನಸ್ಸು ನೋಡಿಕೊಳ್ಳಲು ಸರ್ಕಾರೇತರ ಸಂಸ್ಥೆಯೊಂದು ಅವರನ್ನು ನೇಮಿಸಿತ್ತು. ಶಾಲೆಯ ಕೋಣೆಯಲ್ಲಿ ನಾಲ್ವರನ್ನೂ ಕೂರಿಸಿ, ಬಿಸ್ಕತ್ತು ಕೊಟ್ಟು, ಕವಿತೆ ಬರೆಯಿರಿ ಎಂದರು.

ಮಾಟ್ಯಾಸಿ ಕೈ ಎತ್ತಿದ. "ಮೇಡಂ, ಬೂಟು ಕೇಳಿ ಎರಡು ತಿಂಗಳಾಯ್ತು. ನನ್ನ ಎಡಗಾಲಿಂದು ತೂತು."

"ಅದನ್ನೇ ಬರೀರಿ!" ಎಂದರು ಮೇಡಂ ಕಣ್ಣರಳಿಸಿ. "ತೂತಿನ ಬೂಟಿನ ಬಗ್ಗೆ ಬರೀರಿ."

"ಬರೆದ್ರೆ ಬೂಟು ಬರ್ತದಾ?"

"ಮನಸ್ಸು ಹಗುರ ಆಗ್ತದೆ."

"ಮನಸ್ಸು ಹಗುರಾನೇ ಇದೆ ಮೇಡಂ. ಕಾಲಿಗೆ ನೀರು ಹೋಗ್ತದೆ."

ಮೇಡಂ ಒಳ್ಳೆಯವರು, ಕೋಪಿಸಿಕೊಳ್ಳಲಿಲ್ಲ. "ನಿಮ್ಮ ಪಕ್ಕದಲ್ಲೇ ಇರೋರ ಬಗ್ಗೆ ಬರೀರಿ. ಅವರು ನಾಳೆ ಇಲ್ಲ ಅಂದ್ಕೊಳ್ಳಿ. ಆಗ ಏನು ಹೇಳ್ತಿದ್ರಿ? ಅದನ್ನ ಇವತ್ತೇ ಹೇಳಿ. ಚೆನ್ನಾಗಿರೋದನ್ನ ಶನಿವಾರ ರೇಡಿಯೋದಲ್ಲಿ ಓದಿಸ್ತೀನಿ" ಎಂದರು. ಫುಲಾಯೆ ಬಿಸ್ಕತ್ತು ಹಿಡಿದುಕೊಂಡು ಕಿಟಕಿಯ ಕಡೆ ನೋಡುತ್ತಿದ್ದ. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಒಂದು ನಮೂನೆಯ ಕಾಗದ ಕೊಟ್ಟರು. ಅದರ ಕೊನೆಯ ಅಂಕಣ: 'ಕವಿತೆಯ ಬಗ್ಗೆ ಸಹೋದ್ಯೋಗಿಯ ಅಭಿಪ್ರಾಯ'. "ಸೆಕ್ರೆಟರಿ, ಇದನ್ನ ಮಾತ್ರ ಖಾಲಿ ಬಿಡಬೇಡಿ. ಖಾಲಿ ಬಿಟ್ರೆ ಮೇಲಿನವರು ಕಾರ್ಯಕ್ರಮ ನಿಲ್ಲಿಸಿಬಿಡ್ತಾರೆ."

ನಾನು ಮನೆಗೆ ಹೋಗಿ ಕೂತೆ. ಕವಿತೆ ಹೇಗಿರಬೇಕೆಂದು ಸಂಜೆ ಶಾಲೆಯಲ್ಲಿ ಒಂದು ಪಾಠ ಮಾಡಿದ್ದರು, ಆ ದಿನ ನನಗೆ ಜ್ವರ. ಬರೆಯುವುದು ಗೊತ್ತಿದ್ದದ್ದು ಒಂದೇ ರೀತಿ. ಹಾಗಾಗಿ ಬಂದದ್ದು ಹೀಗೆ:

*ಪ್ರಕಟಣೆ.*
*ಚಿಕೊಂಬೆಯ ಫುಲಾಯೆ ಕಾಮ್ತಾಂಬೊ ನಮ್ಮನ್ನು ಬಿಟ್ಟು ಹೋಗಿದ್ದಾನೆ.*
*ಎಪ್ಪತ್ತೊಂದು ಜನರನ್ನು ಹೊತ್ತ ಹೆಗಲು ಅವನದು,*
*ಒಬ್ಬರ ತಲೆಯೂ ಕಲ್ಲಿಗೆ ತಾಗಲಿಲ್ಲ.*
*ಅವನ ಕೈ ಮುಟ್ಟಲು ನಾವು ಹೆದರಿದೆವು,*
*ನಮ್ಮವರನ್ನು ಮುಟ್ಟಲು ಆ ಕೈ ಹೆದರಲಿಲ್ಲ.*
*ಮ್ತಾಂಡಾದ ಡೆಲೆಜಾ ಮಾವ ಎಲ್ಲಿದ್ದರೂ ಬರಲಿ.*
*ಎಸ್ನಾತಳ ಮಂದಾಸಿ ಕೊಳ್ಳುವುದನ್ನು ನಿಲ್ಲಿಸಿದವರೆಲ್ಲ ಬರಲಿ.*
*ಶನಿವಾರ, ಮಧ್ಯಾಹ್ನ ಎರಡು ಗಂಟೆ.*

ಕವಿತೆಗೆ ದಿನ, ಗಂಟೆ ಬೇಕೋ ಬೇಡವೋ ತಿಳಿಯಲಿಲ್ಲ. ಆದರೆ ಗಂಟೆ ನಮೂದಿಸದ ಪ್ರಕಟಣೆಯನ್ನು ರೇಡಿಯೋದವರು ವಾಪಸು ಕೊಡುತ್ತಾರೆ. ಇರಲಿ ಎಂದು ಹಾಕಿದೆ. ಅಷ್ಟಕ್ಕೆ ಹಾಳೆ ಮುಗಿಯಿತು. ಇನ್ನೊಂದು ಹಾಳೆ ತೆಗೆಯುವುದು ದಂಡವೆನಿಸಿ, ಅದನ್ನೇ ತಿರುಗಿಸಿ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದೆ. ಅವನು ಬದುಕಿದ್ದಾನೆ ಎಂಬುದೂ, ನಾನು ನಿಜಕ್ಕೂ ಅವನಿಗೆ ಹೇಳಬೇಕಾಗಿದ್ದ ಮಾತೂ ಇದ್ದದ್ದು ಆ ನಾಲ್ಕು ಸಾಲಿನಲ್ಲಿ.

ಗುರುವಾರ 'ಸರೋವರದ ದನಿ' ಕೇಂದ್ರಕ್ಕೆ ಹೋದೆ. ಅದು ಹಿಟ್ಟಿನ ಗಿರಣಿಯ ಹಿಂದಿನ ಒಂದು ಕೋಣೆ. ಅರ್ಜಿ ತೆಗೆದುಕೊಳ್ಳುವವನೂ ಓದುವವನೂ ಬಾಗಿಲು ಹಾಕುವವನೂ ಪಿಯಾಸೋನಿ ಒಬ್ಬನೇ. ನನ್ನ ಹಿಂದೆ ನಾಲ್ಕಾರು ಜನ ನಿಂತಿದ್ದರು. ಅವರೆದುರು 'ಕವಿತೆ ತಂದಿದ್ದೇನೆ' ಎನ್ನಲು ನಾಚಿಕೆಯಾಯಿತು. ಹೆಣ ಹೊರುವವನಿಗೆ ಕವಿತೆ ಯಾಕೆ ಎಂದು ಯಾರಾದರೂ ಕೇಳಿಬಿಟ್ಟಾರು ಎನಿಸಿತು. "ಇದು ಶನಿವಾರಕ್ಕೆ" ಎಂದಷ್ಟೇ ಹೇಳಿದೆ. ಪಿಯಾಸೋನಿ ನನ್ನ ಅಕ್ಷರ ನೋಡಿದ, ತಲೆ ತಗ್ಗಿಸಿದ, ಹಾಳೆಯನ್ನು ಕಪ್ಪು ಬುಟ್ಟಿಗೆ ಹಾಕಿದ. ಎಪ್ಪತ್ತೊಂದು ಹಾಳೆಗಳನ್ನು ಹಾಕಿದ ಬುಟ್ಟಿಗೇ. ಆಗ ನಾನು ಬಾಯಿ ಬಿಟ್ಟಿದ್ದರೆ ಈ ಕಥೆ ಇಲ್ಲ. ಬಿಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಒಂದು ಗಂಟೆ. ನಾವು ನಾಲ್ವರು ಗೋದಾಮಿನ ನೆರಳಲ್ಲಿ ಕೂತು ಮುದ್ದೆ, ಒಣಮೀನು ಉಣ್ಣುತ್ತಿದ್ದೆವು. ರೇಡಿಯೋದಲ್ಲಿ ಸುದ್ದಿ ಮುಗಿದು ಸಾವಿನ ಹಾಡು ಬಂತು. ಆಮೇಲೆ ಪಿಯಾಸೋನಿಯ ದನಿ. ಅವನು ಆ ಹೊತ್ತಿಗೆಂದೇ ಇಟ್ಟುಕೊಂಡಿರುವ, ಬಾವಿಯ ತಳದಿಂದ ಬರುವ ದನಿ.

"ಪ್ರಕಟಣೆ. ಚಿಕೊಂಬೆಯ ಫುಲಾಯೆ ಕಾಮ್ತಾಂಬೊ ನಮ್ಮನ್ನು ಬಿಟ್ಟು ಹೋಗಿದ್ದಾನೆ..."

ಮಾಟ್ಯಾಸಿಯ ಕೈಯಲ್ಲಿದ್ದ ಮುದ್ದೆ ಕೆಳಗೆ ಬಿತ್ತು. ನಾನು ಕಾದೆ: ಈಗ ಹಾಳೆ ತಿರುಗಿಸುತ್ತಾನೆ, ಈಗ. "ಶನಿವಾರ, ಮಧ್ಯಾಹ್ನ ಎರಡು ಗಂಟೆ" ಎಂದ ಪಿಯಾಸೋನಿ. ನಿಟ್ಟುಸಿರಿಟ್ಟ. ಸೋಪಿನ ಜಾಹೀರಾತು ಬಂತು.

ಮರಣ ಪ್ರಕಟಣೆಗೆ ಹಿಂಬದಿ ಇರುವುದಿಲ್ಲ. ಅವನದೇನು ತಪ್ಪು?

ಫುಲಾಯೆ ಎದ್ದು ಹೋಗಿ ರೇಡಿಯೋದ ದನಿ ಜಾಸ್ತಿ ಮಾಡಿದ. ಸೋಪಿನ ಜಾಹೀರಾತನ್ನು ಪೂರ್ತಿ ಕೇಳಿದ. ಬಂದು ಕೂತು ಉಳಿದ ಮೀನು ತಿಂದ.

"ಲೋ ಸೆಕ್ರೆಟರಿ" ಎಂದ ಮಾಟ್ಯಾಸಿ ಮೆಲ್ಲಗೆ, "ನನ್ನ ಮೇಲೆ ಏನೂ ಬರೆದಿಲ್ಲ ತಾನೆ?"

ನಾನು ಗಿರಣಿಯ ಕಡೆ ಓಡಿದೆ.

"ಬದುಕಿದ್ದಾನಾ?" ಎಂದ ಪಿಯಾಸೋನಿ. "ನೀನೇ ಬರ್ಕೊಟ್ಟಿದ್ದಲ್ಲಪ್ಪ!"

"ಅದು ಕವಿತೆ."

"ಕವಿತೇಲಿ ಮಣ್ಣಿನ ಗಂಟೆ ಯಾಕೆ ಹಾಕ್ದೆ?"

"ಹಿಂದೆ ಓದು, ನಾಲ್ಕು ಸಾಲಿದೆ" ಎಂದೆ. ಅವನು ಬುಟ್ಟಿ ತಡಕಿ ಹಾಳೆ ತೆಗೆದು, ತಿರುಗಿಸಿ, ಓದಿ, ನನ್ನ ಮುಖ ನೋಡಿದ. "ಚೆನ್ನಾಗಿದೆ. ಆದ್ರೆ ಇದನ್ನ ಎಲ್ಲಿ ಓದಲಿ? ಸತ್ತವರಿಗೆ ಒಂದು ಗಂಟೆಗಿದೆ, ಏಳು ಗಂಟೆಗಿದೆ. ದನ ಕಳೆದೋದ್ರೆ ಆರೂವರೆಗಿದೆ. ಬದುಕಿರೋರಿಗೆ ನಮ್ಮಲ್ಲಿ ಹೊತ್ತಿಲ್ಲ."

"ದನದ ಜೊತೆಗಾದ್ರೂ ಓದೋ ಅಣ್ಣಾ."

"ಸತ್ತೋದ ಅಂತ ರೇಡಿಯೋ ಹೇಳಾಗಿದೆ. ಸುಮ್ಮನೆ ಇಲ್ಲ ಅನ್ನೋಕಾಗಲ್ಲ. ನಾಳೆ ಎಲ್ಲಾ ಹೆಣದವರೂ ಬಂದು ನಮ್ಮೋರೂ ಬದುಕಿದ್ದಾರೆ, ಓದು ಅಂತಾರೆ. ಮುಖ್ಯಸ್ಥರ ಹತ್ರ ಬರೆಸ್ಕೊಂಡು ಬಾ, ಮೊಹರು ಇರ್ಲಿ."

ಊರ ಮುಖ್ಯಸ್ಥ ನಾಮಾಲೊಂಬೆಯವರು ಮಾವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಆಗಲೇ ಸಾವಿನ ಏರ್ಪಾಡಿನಲ್ಲಿದ್ದರು. ಸೌದೆ ಯಾರು, ನೀರು ಯಾರು, ಹಾಡು ಯಾವ ಚರ್ಚಿನವರು. ಅವರ ಮುಖದಲ್ಲಿ ಬಹಳ ದಿನದ ಮೇಲೆ ಕಳೆ ಇತ್ತು. ನಮ್ಮೂರಿಗೆ ಮೂರು ತಿಂಗಳಿಂದ ಒಂದು ನೆಟ್ಟಗಿನ ಸಾವು ಸಿಕ್ಕಿರಲಿಲ್ಲ. ಜನ ಸತ್ತಿದ್ದರು, ಆದರೆ ಯಾರಿಗೂ ಅಳಲು ಬಿಟ್ಟಿರಲಿಲ್ಲ. ನನ್ನ ಪ್ರಕಟಣೆಯಲ್ಲಿ 'ಕಾಲರಾ' ಎಂಬ ಪದವೂ 'ಬರಬಾರದಾಗಿ ವಿನಂತಿ'ಯೂ ಇರಲಿಲ್ಲ. ಅಂದರೆ ಬರಬಹುದಾದ ಸಾವು.

"ಬದುಕಿದ್ದಾನೆ ಅಂತ ನಾನು ಹ್ಯಾಗೆ ಬರ್ಕೊಡ್ಲಿ?" ಎಂದರು ಮುಖ್ಯಸ್ಥರು. "ನಾನು ನೋಡಿಲ್ಲ."

"ಕರ್ಕೊಂಡು ಬರ್ತೀನಿ ಅಯ್ಯಾ."

"ಇಲ್ಲಿಗಾ?" ಅವರು ಕುರ್ಚಿಯನ್ನು ಹಿಂದಕ್ಕೆಳೆದುಕೊಂಡರು. "ಆ ಪಂಪಿನವನನ್ನ ನನ್ನ ಅಂಗಳಕ್ಕಾ? ಬೇಡ ಬೇಡ. ರಸ್ತೆ ಆಚೆ ನಿಲ್ಸು. ಇಲ್ಲಿಂದಲೇ ನೋಡ್ತೀನಿ."

ಫುಲಾಯೆಯನ್ನು ಕರೆತಂದು ರಸ್ತೆಯ ಆಚೆ ನಿಲ್ಲಿಸಿದೆ. ಮುಖ್ಯಸ್ಥರು ಕೈ ಅಡ್ಡ ಹಿಡಿದು ನೋಡಿದರು. "ಫುಲಾಯೆ! ಬದುಕಿದ್ದೀಯೇನೋ?"

ಅವನು ಮಾತಾಡಲಿಲ್ಲ.

"ಉತ್ತರ ಇಲ್ಲವಲ್ಲಯ್ಯ!"

"ಅವನು ಮಾತಾಡಲ್ಲ ಅಯ್ಯಾ, ಹತ್ತೊಂಬತ್ತು ದಿನ ಆಯ್ತು."

"ನೋಡು, ಅನುಮಾನ ಇರೋ ವಿಷಯ" ಎಂದರು. "ಕೈ ಎತ್ತೋಕೆ ಹೇಳು." ಅವನು ಕೈ ಎತ್ತಿದ. ಮುಖ್ಯಸ್ಥರು ಬಹಳ ಹೊತ್ತು ಯೋಚಿಸಿ, ತಪ್ಪಿಗೆ ಸಿಗದ ಹಾಗೆ ಒಂದೇ ವಾಕ್ಯ ಬರೆಸಿದರು: 'ಮೇಲ್ಕಂಡ ಫುಲಾಯೆ ಕಾಮ್ತಾಂಬೊ, ದೂರದಿಂದ ನೋಡಿದಾಗ, ಬದುಕಿರುವಂತೆ ಕಾಣುತ್ತಾನೆ.' ಮೊಹರು ಒತ್ತಿದರು. ಆಮೇಲೆ ದನಿ ತಗ್ಗಿಸಿ, "ಇನ್ನೊಂದು ವಿಷಯ. ಗುಂಡಿ ತೋಡೋಕೆ ಶುರುವಾಗಿದೆ, ಬೆಳಿಗ್ಗೆ ಮುಗಿಸ್ತಾರೆ. ಒಂದು ಸಲ ಬಾಯಿ ತೆಗೆದ ಗುಂಡೀನ ಬರಿದೇ ಮುಚ್ಚೋ ಹಾಗಿಲ್ಲ. ಅದು ಊರಲ್ಲಿ ಇನ್ನೊಬ್ಬರನ್ನ ಕೇಳ್ತದೆ. ಅದಕ್ಕೇನು ಮಾಡ್ತೀಯೋ ನೀನೇ ಯೋಚ್ನೆ ಮಾಡು, ಓದಿದವನು" ಎಂದರು.

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಆ ಕಾಗದ ಹಿಡಿದು ರೇಡಿಯೋ ಕೇಂದ್ರಕ್ಕೆ ಹೋದರೆ ಬಾಗಿಲಿಗೆ ಬೀಗ. ಒಂದು ಚೀಟಿ ಅಂಟಿಸಿತ್ತು: 'ಸ್ವಯಂಸೇವಕ ಫುಲಾಯೆ ಅವರ ಅಂತ್ಯಕ್ರಿಯೆಯ ನಿಮಿತ್ತ ಇಂದು ರಜೆ.' ಎಲ್ಲಾ ತಿಳಿದ ಪಿಯಾಸೋನಿಯೇ ಅಂಟಿಸಿದ್ದ. ಊರೆಲ್ಲ ಹೋಗುವ ಕಡೆ ತಾನೊಬ್ಬ ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಆಮೇಲೆ ಹೇಳಿದ.

ಫುಲಾಯೆಯ ಮನೆ ಮುಂದೆ ಇನ್ನೂರು ಜನ. ತಲೆಯ ಮೇಲೆ ಹಿಟ್ಟಿನ ಬುಟ್ಟಿ ಹೊತ್ತ ಹೆಂಗಸರು, ಸೌದೆ ಹೊರೆ, ಮೂರು ದೊಡ್ಡ ಹಂಡೆ. ಮೂರು ತಿಂಗಳಿಂದ ಆ ಅಂಗಳವನ್ನು ಸುತ್ತುಹಾಕಿ ಹೋಗುತ್ತಿದ್ದವರೆಲ್ಲ ಒಳಗಿದ್ದರು. ಎಸ್ನಾತ್ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು.

"ಬದುಕಿದ್ದಾರೆ ಕಣ್ರೇ! ಹಿತ್ತಲಲ್ಲಿ ಬಕೆಟ್ ತೊಳೀತಿದ್ದಾರೆ!"

"ಅಯ್ಯೋ ಪಾಪ" ಎಂದಳು ಪಕ್ಕದ ಮನೆಯ ಮುದುಕಿ, ಅವಳನ್ನು ತಬ್ಬಿ ಕೆಳಗೆ ಕೂರಿಸುತ್ತ. "ನನ್ನ ಗಂಡ ಹೋದಾಗ ನನಗೂ ಹೀಗೇ ಆಗಿತ್ತು ಮಗಾ. ಮೀನು ಹಿಡಿಯೋಕೆ ಹೋಗಿದ್ದಾನೆ ಅಂತ ಒಂದು ವಾರ ಅಡುಗೆ ಮಾಡಿಟ್ಟಿದ್ದೆ."

"ಅಜ್ಜೀ, ನಿಜವಾಗ್ಲೂ..."

"ಅಳು ಮಗಾ, ಅಳು."

ಎಸ್ನಾತ್ ನನ್ನನ್ನು ಕಂಡಳು. ಆ ನೋಟವನ್ನು ವರ್ಣಿಸುವ ಶಕ್ತಿ ಎರಡನೇ ಫಾರಮ್ಮಿಗಿಲ್ಲ. "ಸೆಕ್ರೆಟರೀ" ಎಂದಳು, "ನೀನು ಬರೀಬೇಡ. ಇನ್ನು ಯಾವತ್ತೂ, ಏನೂ, ಬರೀಬೇಡ." ಹೇಳಿದ ಮೇಲೆ ನಿಜವಾಗಿಯೇ ಅತ್ತಳು. ಆಗ ಜನರಿಗೆ ಸಮಾಧಾನವಾಯಿತು.

ಹತ್ತು ಗಂಟೆಗೆ ಮ್ತಾಂಡಾದಿಂದ ಲಾರಿ ಬಂತು. ಡೆಲೆಜಾ ಮಾವ ಇಳಿದರು. ಫುಲಾಯೆಯ ತಾಯಿಯ ಅಣ್ಣ, ಅಂದರೆ ನಮ್ಮ ಪದ್ಧತಿಯಲ್ಲಿ ಅವನ ಮೇಲೆ ಪೂರ್ಣ ಅಧಿಕಾರ ಇರುವವರು. ಲಾರಿಯಲ್ಲಿ ಹನ್ನೆರಡು ಜನ ನೆಂಟರೂ ಒಂದು ಹೊಸ ಹೆಣದ ಪೆಟ್ಟಿಗೆಯೂ ಇದ್ದವು.

"ಹೆಣ ಎಲ್ಲಿ?" ಎಂದರು ಇಳಿದೊಡನೆ. "ಅವನು ನಮ್ಮ ಮನೆ ಮಗ. ಹೆಂಡ್ತಿ ಊರಲ್ಲಿ ಹೂಳೋಕೆ ಬಿಡಲ್ಲ. ಮ್ತಾಂಡಾದಲ್ಲಿ ಗುಂಡಿ ರೆಡಿಯಾಗಿದೆ."

"ಇಲ್ಲೂ ರೆಡಿಯಾಗಿದೆ" ಎಂದರು ನಾಮಾಲೊಂಬೆಯವರು, ತಮ್ಮ ಕುರ್ಚಿಯಿಂದ. "ಹನ್ನೆರಡು ವರ್ಷ ನಮ್ಮೂರಲ್ಲಿ ಬಾಳಿದ್ದಾನೆ. ನಮ್ಮ ಎಪ್ಪತ್ತೊಂದು ಜನರನ್ನ ಮಣ್ಣು ಮಾಡಿದ್ದಾನೆ. ಅವನು ನಮ್ಮವನು."

"ಅವನು ಹುಟ್ಟಿದಾಗ ನೀವೆಲ್ಲಿದ್ರಿ?"

"ಅವನು ಸತ್ತಾಗ ನೀವೆಲ್ಲಿದ್ರಿ?"

ಇದು ಬಲವಾದ ಪ್ರಶ್ನೆ ಎಂದು ಜನ ಒಪ್ಪಿದರು. ನಾನು ನಡುವೆ ಹೋಗಿ, "ಮಾವಾ, ಅಯ್ಯಾ, ಅವನು ಸತ್ತಿಲ್ಲ" ಎಂದೆ.

"ನೀನು ಸುಮ್ನಿರಯ್ಯ, ದೊಡ್ಡೋರು ಮಾತಾಡ್ತಿದ್ದಾರೆ" ಎಂದರು ಇಬ್ಬರೂ ಒಟ್ಟಿಗೆ. ಅಂದು ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅಷ್ಟರಲ್ಲಿ ಮಾತ್ರ.

ಆಗ ಹಿತ್ತಲಿನಿಂದ, ತೊಳೆದು ಕ್ಲೋರಿನ್ ನೀರು ತುಂಬಿದ ಬಕೆಟ್ಟು ಹಿಡಿದುಕೊಂಡು ಫುಲಾಯೆ ಬಂದ.

ಶುರುವಾಗಿದ್ದ ಹಾಡು ನಿಂತಿತು. ಒಬ್ಬಳು ಚೀರಿದಳು. ಇನ್ನೂರು ಜನಕ್ಕೂ ಒಟ್ಟಿಗೆ ಎರಡು ಸಂಗತಿ ಹೊಳೆದವು. ಒಂದು, ಇವನು ಸತ್ತಿಲ್ಲ. ಎರಡು, ಸತ್ತಿಲ್ಲವೆಂದರೆ ಇವನು ಆ ಪಂಪಿನವನು. ಯಾರೂ ಹೇಳಿಕೊಡದೆ ಎಲ್ಲರೂ ಹಿಂದೆ ಸರಿದರು. ಅಂಗಳದ ನಡುವೆ ಒಂದು ದೊಡ್ಡ ಬಯಲಾಯಿತು. ಅದರ ನಡುವೆ ಅವನೊಬ್ಬ, ಬಕೆಟ್ಟಿನ ಜೊತೆ. ಬರಿಗೈ.

ಸತ್ತವನಿಗೆ ಅಳಲು ಹನ್ನೆರಡು ಮೈಲಿ ನಡೆದು ಬಂದವರಿದ್ದರು. ಬದುಕಿದವನ ಕಡೆ ಹನ್ನೆರಡು ಹೆಜ್ಜೆ ಇಡುವವರಿರಲಿಲ್ಲ. ಫುಲಾಯೆ ಆ ಬಯಲನ್ನು ಒಂದು ಸುತ್ತು ನೋಡಿದ. ಅವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೆ.

ಡೆಲೆಜಾ ಮಾವ ಮಾತ್ರ ಮುಂದೆ ಬಂದರು. ಅಧಿಕಾರ ಇರುವವರಿಗೆ ರೋಗದ ಹೆದರಿಕೆ ಕಡಿಮೆ. "ಬದುಕಿದ್ದೀಯಾ?"

ಫುಲಾಯೆ ತಲೆಯಾಡಿಸಿದ.

"ಪೆಟ್ಟಿಗೆ ತಂದಿದ್ದೀನಲ್ಲೋ! ವಾಪಸು ತಗೊಂಡೋದ್ರೆ ಊರಲ್ಲಿ ಏನಂತಾರೆ? ಒಂದು ಮಾತು ಹೇಳಿ ಕಳಿಸಬಾರದಿತ್ತಾ?"

"ಪೆಟ್ಟಿಗೆ ಬಿಡಿ" ಎಂದರು ಮುಖ್ಯಸ್ಥರು ಚಿಂತೆಯಿಂದ. "ನನ್ನ ಗುಂಡಿ? ಅದು ಬಾಯಿ ತೆಗೆದು ಕೂತಿದೆ. ಬಾಳೆದಿಂಡು ಹಾಕಿ ಮುಚ್ಚೋಣ ಅಂದ್ರೆ ಬಾಳೆದಿಂಡಿಗೆ ಹಾಡು ಹೇಳೋಕೆ ಚರ್ಚಿನೋರು ಒಪ್ತಾರಾ?"

ಚರ್ಚಿನವರು ಒಪ್ಪಲಿಲ್ಲ. ಮೇಕೆ ಎಂದರು ಒಬ್ಬರು. ಸೆಕ್ರೆಟರಿಯನ್ನೇ ಹಾಕೋಣ ಎಂದ ಮಾಟ್ಯಾಸಿ. ಜನ ನಕ್ಕರು. ನನಗೂ ಅದು ಅನ್ಯಾಯವೆನಿಸಲಿಲ್ಲ.

ನಗು ನಿಲ್ಲುವ ಮುಂಚೆಯೇ ಹೆಂಗಸರ ಸಾಲಿನಿಂದ ಒಬ್ಬಳು ಎದ್ದಳು. ಮದಾಲೊಳ ತಾಯಿ. ಅವಳೂ ಬಂದಿದ್ದಳೆಂದು ನಾನು ಗಮನಿಸಿರಲಿಲ್ಲ. ಅವಳು ಆ ಬಯಲನ್ನು ದಾಟಿ ಫುಲಾಯೆಯ ಎದುರು ನಿಂತಳು. ಸೆರಗಿನ ಗಂಟು ಬಿಚ್ಚಿ ಎರಡು ಬಿಳಿ ಕಾಲುಚೀಲ ತೆಗೆದಳು. ಒಗೆದು, ಮಡಿಸಿ ಇಟ್ಟದ್ದು.

"ನಿನ್ನ ಪೆಟ್ಟಿಗೇಲಿ ಇಡೋಣ ಅಂತ ತಂದೆ" ಎಂದಳು. "ಅವಳನ್ನ ಕೊನೆಗೆ ಎತ್ಕೊಂಡವನು ನೀನೇ. ಅಲ್ಲಿ ನಿನಗೆ ಅವಳ ಗುರುತು ಸಿಗ್ತದೆ, ಕೊಟ್ಬಿಡ್ತೀಯ ಅಂತ." ಕಾಲುಚೀಲದ ಮಡಿಕೆಯನ್ನು ಮತ್ತೊಮ್ಮೆ ಸವರಿದಳು. "ನೀನು ಸಾಯಲೇ ಇಲ್ಲವಲ್ಲಪ್ಪ."

ಅದರಲ್ಲಿ ಕೋಪವಿರಲಿಲ್ಲ. ಬಸ್ಸು ತಪ್ಪಿದವರು ಹೇಳುವ ಹಾಗೆ ಹೇಳಿದಳು.

ಫುಲಾಯೆ ಬಕೆಟ್ಟು ಕೆಳಗಿಟ್ಟ. ಕೈ ಚಾಚಿದವನು ತಡೆದುಕೊಂಡ. ತನ್ನ ಬರಿಗೈಗಳನ್ನೇ ನೋಡಿಕೊಂಡ. ಒಂದು ವಾರದಿಂದ ಆ ಕೈಗಳಿಗೆ ಏನಾದರೂ ಪರವಾಗಿಲ್ಲ ಎಂದಿದ್ದವನು, ಆ ಕಾಲುಚೀಲ ಮುಟ್ಟಲು ಹೆದರಿದ. ಕ್ಲೋರಿನ್ ಬಕೆಟ್ಟಿನಲ್ಲಿ ಮೊಣಕೈವರೆಗೆ ಕೈ ಅದ್ದಿ, ಅಂಗಿಗೆ ಒರೆಸಿ, ಆಮೇಲೆ ತೆಗೆದುಕೊಂಡ. ನೇರ ಗುಂಡಿಯ ಕಡೆ ನಡೆದ.

ನಾವೆಲ್ಲ ಹಿಂದೆ ಹೋದೆವು. ಡೆಲೆಜಾ ಮಾವ ಪೆಟ್ಟಿಗೆ ತರಿಸಿದರು. "ಖಾಲಿ ಗುಂಡಿ, ಖಾಲಿ ಪೆಟ್ಟಿಗೆ, ಎರಡೂ ಕೆಟ್ಟದ್ದೇ" ಎಂದು, ಯಾರನ್ನೂ ಕೇಳದೆ ಮುಚ್ಚಳ ತೆಗೆದರು. ಆರಡಿ ಪೆಟ್ಟಿಗೆಯಲ್ಲಿ ಫುಲಾಯೆ ಎರಡು ಕಾಲುಚೀಲ ಇಟ್ಟ. ತಲೆಯ ಕಡೆಯಲ್ಲ, ಕಾಲಿನ ಕಡೆ. ಸರಿಯಾಗಿ ಎಲ್ಲಿರಬೇಕೋ ಅಲ್ಲಿ. ಮುಖ್ಯಸ್ಥರು ಪಿಯಾಸೋನಿಯ ಕಿವಿಯಲ್ಲಿ ಏನೋ ಹೇಳಿದರು. ಪಿಯಾಸೋನಿ ಮುಂದೆ ಬಂದು, ಬಾವಿಯ ತಳದ ಆ ದನಿಯಲ್ಲಿ, "ಚಿಕೊಂಬೆಯ ಮದಾಲೊ, ವಯಸ್ಸು ಏಳು, ಎರಡನೇ ತರಗತಿ" ಎಂದ. ಹಿಂದೆ ರೇಡಿಯೋದಲ್ಲಿ ಓದಿದ್ದನ್ನೇ ಮತ್ತೆ ಹೇಳಿದ, ಕೊನೆಯ ವಿನಂತಿ ಒಂದನ್ನು ಬಿಟ್ಟು. ಚರ್ಚಿನವರು ಯಾರೂ ಹೇಳದೆ ಹಾಡು ಶುರುಮಾಡಿದರು. ಅವಳನ್ನು ನಿಜವಾಗಿ ಹೂತ ದಿನ ಅಲ್ಲಿದ್ದದ್ದು ನಾವು ನಾಲ್ಕು ಜನ ಮತ್ತು ಒಂದು ಪಂಪು.

ಆದರೂ ಜನ ಇಪ್ಪತ್ತು ಹೆಜ್ಜೆ ದೂರದಲ್ಲೇ ನಿಂತಿದ್ದರು, ಮೂರು ತಿಂಗಳು ಕಲಿತ ಜಾಗದಲ್ಲಿ. ಫುಲಾಯೆ ಗುಂಡಿಯ ಅಂಚಿನಲ್ಲಿ ನಿಂತು ಅವರ ಕಡೆ ತಿರುಗಿದ. ಬಾಯಿ ತೆರೆದ. ದನಿ ಬರಲಿಲ್ಲ, ತುಕ್ಕು ಹಿಡಿದಿತ್ತು. ಕೆಮ್ಮಿದ.

"ಹತ್ರ ಬನ್ರಿ" ಎಂದ.

ಯಾರೂ ಕದಲಲಿಲ್ಲ. ಎಸ್ನಾತ್ ಬಂದಳು. ಡೆಲೆಜಾ ಮಾವ ಬಂದರು. ಆಮೇಲೆ, ಗಂಡ ಮೀನು ಹಿಡಿಯಲು ಹೋಗಿದ್ದಾನೆಂದು ಅಡುಗೆ ಮಾಡಿಟ್ಟಿದ್ದ ಆ ಮುದುಕಿ. ಅಷ್ಟೇ. ಉಳಿದವರು ನಿಂತಲ್ಲೇ ಅತ್ತರು, ಆದಷ್ಟು ಗಟ್ಟಿಯಾಗಿ. ಮೂರು ತಿಂಗಳ ಅಳು ಅದು, ಮುಗಿಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಹಂಡೆಯ ಮುದ್ದೆ ಉಂಡು ಮನೆಗೆ ಹೋದರು. ಮಂದಾಸಿ ಯಾರೂ ಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ದೋಣಿಗಟ್ಟೆಯ ಕಡೆಯಿಂದ ಕರೆ ಬಂತು. ಮುದುಕ, ಒಬ್ಬನೇ ಇದ್ದವನು. ನಾವು ಗೋದಾಮಿಗೆ ಹೋದೆವು. ಮಾಟ್ಯಾಸಿ ತೂತಿನ ಬೂಟಿಗೆ ಪ್ಲಾಸ್ಟಿಕ್ ತುರುಕುತ್ತಿದ್ದ. ಫುಲಾಯೆ ಪಂಪು ಕಟ್ಟಿಕೊಂಡು, ಮೊಳೆಯ ಮುಂದೆ ನಿಂತು, ನನ್ನ ಕಡೆ ತಿರುಗಿದ.

"ಹಿಂದುಗಡೆ ಏನೋ ಬರೆದಿದ್ದೀಯಂತೆ. ಪಿಯಾಸೋನಿ ಹೇಳ್ದ."

ಪಿಯಾಸೋನಿ ವಾಪಸು ಕೊಟ್ಟಿದ್ದ ಹಾಳೆ ನನ್ನ ಜೇಬಿನಲ್ಲೇ ಇತ್ತು. ತೆಗೆದು ತಿರುಗಿಸಿದೆ. ಗಟ್ಟಿಯಾಗಿ ಓದಿದೆ:

*ಫುಲಾಯೆ, ಇದನ್ನೆಲ್ಲ ನೀನು ಸತ್ತ ಮೇಲೆ ಹೇಳುತ್ತಾರೆ.*
*ನಾನು ಈಗಲೇ ಹೇಳಿಬಿಟ್ಟೆ.*
*ಆದ್ದರಿಂದ ಇನ್ನು ಸಾಯುವ ಅಗತ್ಯವಿಲ್ಲ.*
*ಗ್ಲೌಸು ಹಾಕ್ಕೊ.*

"ಇಷ್ಟು ಹೇಳೋಕೆ ಅಷ್ಟೊಂದು ಬರೀಬೇಕಿತ್ತಾ?" ಎಂದ ಫುಲಾಯೆ. ಮೊಳೆಯಿಂದ ಗ್ಲೌಸು ತೆಗೆದು, ಒಳಗೆ ಊದಿ, ಒಂದೊಂದೇ ಬೆರಳು ಸರಿಮಾಡಿಕೊಂಡು ಹಾಕಿಕೊಂಡ. ನಾವು ಕೈಗಾಡಿ ತಳ್ಳಿಕೊಂಡು ದೋಣಿಗಟ್ಟೆಗೆ ಹೋದೆವು.

ಬಂದ ಮೇಲೆ ಮೇಡಂ ಕೊಟ್ಟ ಕಾಗದ ತೆಗೆದೆ. 'ಕವಿತೆಯ ಬಗ್ಗೆ ಸಹೋದ್ಯೋಗಿಯ ಅಭಿಪ್ರಾಯ' ಎಂಬಲ್ಲಿ ಬಹಳ ಯೋಚಿಸಿ, ಇದ್ದದ್ದನ್ನೇ ಬರೆದೆ: 'ಉದ್ದವಾಯಿತು ಎಂದರು.'